ಕೊನೆಯ ಎಣ್ಣೆಬಾವಿ ಮುಚ್ಚಿಸಿದ ಬಾವಿಯಕ್ಕ

ಎಣ್ಣೆಬಾವಿಗಳ ಕೆಲಸಗಾರರೆಲ್ಲ ಅವಳನ್ನು ಬಾವಿಯಕ್ಕ ಎಂದೇ ಕರೆಯುತ್ತಿದ್ದರು. ನೆಲದಡಿಯ ಕಚ್ಚಾ ಎಣ್ಣೆಯನ್ನು ಪಂಪಿನಿಂದ ಎತ್ತುವ ತಂಡಕ್ಕೆ ಅವಳೇ ಮುಖ್ಯಸ್ಥೆ. ಗಂಡ ಟ್ಯಾಂಕರ್ ಲಾರಿಯ ಡ್ರೈವರ್; ಹಡಗಿನಲ್ಲಿ ಬಂದ ಪರದೇಶದ ಎಣ್ಣೆಯನ್ನು ಬಂದರಿನಿಂದ ಕಾರ್ಖಾನೆಗೆ ಸಾಗಿಸುವವನು.

ಜಗತ್ತಿನಲ್ಲಿ ಎಣ್ಣೆಯ ಬೆಲೆ ನೆಲಕಚ್ಚಿದ ವರ್ಷ ಆ ಮನೆಗೆ ವಿಚಿತ್ರ ಕಾಲ ಬಂತು. ಹಳೆಯ ಬಾವಿಗಳಿಂದ ಎತ್ತುವ ಖರ್ಚಿಗಿಂತ ಹಡಗಿನ ಎಣ್ಣೆಯೇ ಅಗ್ಗವಾಯಿತು. ಅವನಿಗೆ ಮೈ ತುರಿಸಿಕೊಳ್ಳಲೂ ಪುರುಸೊತ್ತಿಲ್ಲ. ಅವಳ ಬಾವಿಗಳು ಒಂದೊಂದಾಗಿ ಬಾಯಿ ಮುಚ್ಚಿದವು. ಊಟಕ್ಕೆ ಕೂತರೆ ಮಾತು ಜಗಳಕ್ಕೇ ತಿರುಗುತ್ತಿತ್ತು.

"ಬೆಲೆ ಇಳಿಸಿದ್ದು ನಾನಾ?" ಎಂದು ಅವನೊಮ್ಮೆ ರೇಗಿದ.

"ನೀವಲ್ಲ. ಆದ್ರೆ ಸೀಟಿ ಹೊಡ್ಕೊಂಡು ಮನೆಗೆ ಬರ್ಬೇಡಿ."

ಕೊನೆಯ ಬಾವಿಗೆ ಸಿಮೆಂಟ್ ತುಂಬುವ ದಿನ ಬಂತು. ಪಂಪಿನ ಕೊಳವೆ ಎಳೆಯುತ್ತಿದ್ದಂತೆ ಒಳಗೆ ಗುಡುಗಿದ ಹಾಗಾಯಿತು. ಒತ್ತಡ ತೋರುವ ಮುಳ್ಳು ಸರ್ರನೆ ಏರಿತು. ಗ್ಯಾಸ್ ಭುಸುಗುಡುತ್ತ ಹೊರನುಗ್ಗಿ, ಗಾಳಿಯ ಜೊತೆ ರಸ್ತೆಯತ್ತ ಹರಡತೊಡಗಿತು. ಒಂದು ಕಿಡಿ ತಗುಲಿದರೆ ಎಲ್ಲವೂ ಬೂದಿ.

"ಎಂಜಿನ್ ಎಲ್ಲಾ ಆಫ್ ಮಾಡ್ರೋ!" ಎಂದು ಕಿರುಚಿದವಳು ರಸ್ತೆಯ ತಿರುವು ನೋಡಿ ಕಲ್ಲಾದಳು. ಬಂದರಿನಿಂದ ಎಣ್ಣೆ ತುಂಬಿಕೊಂಡ ಗಂಡನ ಟ್ಯಾಂಕರ್ ಬರುತ್ತಿತ್ತು!

ಬಾವಿಯ ಬಾಯಿ ಮುಚ್ಚುವ ವಾಲ್ವಿನ ಚಕ್ರ ಹಿಡಿದಿದ್ದವರು ಅವಳು ಮತ್ತು ಅದೇ ತಂಡದಲ್ಲಿದ್ದ ಅವಳ ತಮ್ಮ, ಇಬ್ಬರೇ. ಕೈ ಬಿಟ್ಟರೆ ತಮ್ಮ ಒಂಟಿ.

"ಅಕ್ಕಾ, ಭಾವ ಬರ್ತಿದ್ದಾರೆ! ನೀನು ಓಡು!" ಎಂದ ಅವನು.

ಓಡಿದಳು. ಅಡ್ಡ ಹೊಲ ಹಾಯ್ದು, ರಸ್ತೆಯ ನಡುಮಧ್ಯೆ ಕೈ ಚಾಚಿ ನಿಂತಳು. ಹೆಂಡತಿಗೆ ತಲೆ ಕೆಟ್ಟಿತೆಂದುಕೊಂಡೇ ಅವನು ಬ್ರೇಕ್ ಒತ್ತಿದ. ಲಾರಿ ಕಿರುಗುಟ್ಟುತ್ತ ಮಾರು ದೂರದಲ್ಲಿ ನಿಂತಿತು.

"ಕೀ ತೆಗೀರಿ! ಗ್ಯಾಸು!"

ಅವನು ಕೀ ಕಿತ್ತು ಕೆಳಗೆ ಧುಮುಕಿದ. ಹಿಂದಕ್ಕೆ ಓಡುತ್ತಾನೆಂದು ಅವಳು ಎಣಿಸಿದ್ದಳು. ಅವನು ಬಾವಿಯತ್ತ ಓಡಿದ. ಮೂವರೂ ಚಕ್ರಕ್ಕೆ ಜೋತುಬಿದ್ದರು. ಅದು ಮಿಸುಕಲಿಲ್ಲ. ಮತ್ತೆ ಜಗ್ಗಿದರು. ಕೊನೆಗೂ ತಿರುಗಿತು. ಭುಸುಗುಟ್ಟುವ ಸದ್ದು ಸಣ್ಣಗಾಗಿ ನಿಂತಾಗ ತಮ್ಮನ ಅಂಗೈ ತೊಗಲು ಕಿತ್ತುಬಂದಿತ್ತು. ಬಾವಿಯಕ್ಕ ಕೂತಲ್ಲೇ ಬಿಕ್ಕಿ ಬಿಕ್ಕಿ ಅತ್ತಳು. ಗಂಡ ಪಕ್ಕದಲ್ಲಿ ಕೂತ.

ಮರುದಿನ ಬಾವಿಗೆ ಸಿಮೆಂಟ್ ಬಿತ್ತು. ಅವಳು ಬಂದರಿನಲ್ಲಿ, ಹಡಗಿನಿಂದ ಎಣ್ಣೆ ಇಳಿಸುವ ಕೊಳವೆಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದಳು. ಕೆಲವು ವರ್ಷಗಳ ಮೇಲೆ ಬೆಲೆ ಗಗನಕ್ಕೇರಿತು. ಎಲ್ಲರಿಗೂ ಸ್ವಂತ ಎಣ್ಣೆಯ ನೆನಪಾಯಿತು. ಹೂತ ಬಾವಿಗಳನ್ನು ಮತ್ತೆ ಎಬ್ಬಿಸುವಂತಿರಲಿಲ್ಲ. ಹೊಸದು ಕೊರೆಯುತ್ತೇವೆ, ಬರುತ್ತೀರಾ ಎಂದು ಹಳೆಯ ಮ್ಯಾನೇಜರ್ ಫೋನ್ ಮಾಡಿದ.

"ನೀವೇನಂತೀರಿ?" ಎಂದು ಗಂಡನನ್ನು ಕೇಳಿದಳು.

"ನನ್ನ ಕೇಳೋದೇನೇ? ಆಗ್ಲೇ ಬೂಟು ಹುಡುಕ್ತಿದ್ದೀಯಲ್ಲ!"