ಬನಿಯನ್ ಚೂರಿನಿಂದ ಒರೆಸಿದ ಲೆನ್ಸ್

ಸೂಕ್ಷ್ಮದರ್ಶಕದ ಲೆನ್ಸನ್ನು ಬನಿಯನ್ ಚೂರಿನಿಂದ ಒರೆಸುವುದನ್ನು ನಾನು ಮೊದಲು ನೋಡಿದ್ದು ತಿರುಪ್ಪೂರು ಕಡೆಯ ಕರುಮತ್ತಂಪಟ್ಟಿಯ ಆಚೆಯ ಒಂದು ಸಣ್ಣ ಖಾಸಗಿ ಲ್ಯಾಬಿನಲ್ಲಿ. ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳ ಕಟಿಂಗ್ ಮೇಜುಗಳಿಂದ ಮೂಟೆಗಟ್ಟಲೆ ಹೊರಬೀಳುವ ಆ ಬಣ್ಣದ ಚೂರುಗಳಿಂದಲೇ ಇಲ್ಲಿ ಬೈಕು ಒರೆಸುತ್ತಾರೆ, ಮಗ್ಗದ ಗ್ರೀಸ್ ಒರೆಸುತ್ತಾರೆ, ಹೋಟೆಲಿನ ಮೇಜು ಒರೆಸುತ್ತಾರೆ. ಮಲೇರಿಯಾ ಪತ್ತೆಯ ತರಬೇತಿ ಕೊಡಲು ಹೋಗಿದ್ದ ನನ್ನ ಮುಂದೆಯೇ ಅಲ್ಲಿನ ಟೆಕ್ನಿಷಿಯನ್ ಒಂದು ಗುಲಾಬಿ ಚೂರಿಗೆ ಉಗುಳು ಹಚ್ಚಿ ಲೆನ್ಸಿನ ಮೂತಿ ತಿಕ್ಕಿದರು.

ಅವರು ನಡುವಯಸ್ಸಿನವರು, ತಲೆಮಾರುಗಳಿಂದ ಅಲ್ಲೇ ಇರುವ ಕನ್ನಡ ನೇಕಾರರ ಮನೆಯವರು. ನನ್ನ ತಮಿಳು ಕೇಳಿದ ಕೂಡಲೇ ಕನ್ನಡದವಳೆಂದು ಗುರುತು ಹಿಡಿದು, ತಂಗಿ ಎಂದೇ ಮಾತಾಡಿಸಿದರು.

"ಮೈಸೂರು ಕಡೇನಾ ತಂಗಚ್ಚಿ? ನಮ್ಮ ಮನೇಲೂ ಕನ್ನಡಾನೇ. ಓದಕ್ಕೆ ಮಾತ್ರ ಬರಲ್ಲ. ಕುತ್ಕೊಳಿ, ಮೊದ್ಲು ಟೀ ಕುಡೀರಿ."

ಟೀ ಲೋಟದ ಪಕ್ಕದಲ್ಲೇ, ಕಿಟಕಿಯ ಕಟ್ಟೆಯ ಮೇಲೆ, ರಕ್ತ ಲೇಪಿಸಿದ ಗಾಜಿನ ಸ್ಲೈಡೊಂದು ಒಣಗುತ್ತಿತ್ತು. ಅದರ ಮೇಲೆ ಇರುವೆ ಸಾಲು. ಲೇಪನದ ನಡುಭಾಗ ಬೋಳಾಗಿತ್ತು.

"ಅಣ್ಣಾ, ಇದನ್ನ ಇರುವೆ ತಿಂದುಬಿಟ್ಟಿವೆ."

"ಸ್ವಲ್ಪ ತಿಂದ್ರೆ ಏನು? ಮಿಕ್ಕಿದ್ದು ಇದೆಯಲ್ಲ. ಅದಕ್ಕೂ ಪಸಿ ಆಗಲ್ವಾ, ಪಾವ!" ಎಂದು ಇರುವೆಗಳ ಹಸಿವಿಗೆ ಪಾಪ ಎನ್ನುತ್ತಾ ತಮ್ಮ ಮಾತಿಗೆ ತಾವೇ ನಕ್ಕರು.

ಆ ರಕ್ತ ಹೊರಗಿನ ಬೆಂಚಿನ ಮೇಲೆ ಮುದುಡಿ ಕೂತಿದ್ದ ಹೆಂಗಸಿನದು. ಒಡಿಶಾದಿಂದ ಬಂದು ಪವರ್‌ಲೂಮ್ ಶೆಡ್ಡಿನಲ್ಲಿ ದುಡಿಯುವವಳು. ಚಳಿಜ್ವರವೆಂದು ಹಿಂದೆ ಎರಡು ಸಲ ಬಂದಿದ್ದಳು. ಎರಡು ಸಲವೂ ಮಲೇರಿಯಾ ಇಲ್ಲವೆಂದು ವರದಿ ಹೋಗಿತ್ತು. ಈ ಸಲವೂ ಏನೂ ಇಲ್ಲದಿದ್ದರೆ ಕೆಲಸ ಬಿಡಿಸಿ ರೈಲು ಹತ್ತಿಸುತ್ತೇನೆ ಎಂದು ಶೆಡ್ಡಿನ ಮೇಸ್ತ್ರಿ ಹೇಳಿ ಹೋಗಿದ್ದನಂತೆ.

"ಸುಮ್ನೆ ನಾಟಕ ತಂಗಚ್ಚಿ," ಎಂದರು ಇವರು. "ಮಗ್ಗ ಓಡಿಸಕ್ಕೆ ಸೋಮಾರಿತನ."

ಸೂಕ್ಷ್ಮದರ್ಶಕದ ಅತಿ ಶಕ್ತಿಯ, ನೂರು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸನ್ನು ಬಿಚ್ಚಿ ಬೆಳಕಿಗೆ ಹಿಡಿದೆ. ನೋಡುವಾಗ ಸ್ಲೈಡಿಗೆ ಹಾಕುವ ಎಣ್ಣೆ ಅದರ ಮೇಲೆ ಹಳೆಯದಾಗಿ, ಕಂದು ಅಂಟಾಗಿ ಗಟ್ಟಿಯಾಗಿತ್ತು. ಅದರೊಳಗೆ ಗುಲಾಬಿ, ಹಸಿರು ನೂಲಿನ ಎಳೆಗಳು. ಮಲೇರಿಯಾದ ಪರಾವಲಂಬಿಯನ್ನು ಗುರುತಿಸಲು ಆ ಲೆನ್ಸೇ ಬೇಕು.

"ಇದರಲ್ಲಿ ಏನು ಕಾಣಿಸುತ್ತೆ ಅಣ್ಣಾ?"

"ಅದ್ರಲ್ಲಿ ಒಂದೂ ಕಾಣಲ್ಲ. ಅದಕ್ಕೇ ಚಿಕ್ಕ ಲೆನ್ಸಲ್ಲೇ ನೋಡೋದು."

ಇದನ್ನು ಹೇಳುವಾಗ ಅವರಿಗೆ ಯಾವ ಮುಜುಗರವೂ ಇರಲಿಲ್ಲ. ತಮಗೆ ಕಾಣದ್ದು ಅವಳ ರಕ್ತದಲ್ಲೂ ಇಲ್ಲ ಎಂದು ಬರೆದು ಸಹಿ ಹಾಕಿದ್ದರು, ಅಷ್ಟೆ.

ಬ್ಯಾಗಿನಲ್ಲಿದ್ದ ಲೆನ್ಸ್ ಕಾಗದ ಮತ್ತು ದ್ರಾವಣ ತೆಗೆದು, ಕಾಗದದ ಮೇಲೆ ಕೊಳೆ ಬರುವುದು ನಿಲ್ಲುವವರೆಗೂ ಒರೆಸಿದೆ. ಹೊಸದಾಗಿ ರಕ್ತ ತೆಗೆದೆ. ಬೆರಳು ಚುಚ್ಚುವಾಗ ಅವಳು ನನ್ನತ್ತ ನೋಡಲಿಲ್ಲ. ಸ್ಲೈಡಿನ ಮೇಲೆ ಡಬ್ಬಿ ಮುಚ್ಚಿ ಒಣಗಿಸಿ, ಬಣ್ಣ ಹಾಕಿ, ತೊಳೆದು ನೋಡಿದೆ. ಹಿಗ್ಗಿದ ಕೆಂಪು ಕಣದೊಳಗೆ ನೀಲಿ ಉಂಗುರ, ಅದರ ಅಂಚಿಗೆ ಕೆಂಪು ಚುಕ್ಕೆ. ಪರಾವಲಂಬಿಯನ್ನು ಹುಡುಕಬೇಕಾಗಿಯೂ ಇರಲಿಲ್ಲ.

ಎದ್ದು, ನೋಡಲು ಟೆಕ್ನಿಷಿಯನ್ನರನ್ನು ಕೂರಿಸಿದೆ.

"ಅಡೇಯಪ್ಪಾ! ಪುಸ್ತಕದಲ್ಲಿ ಇರೋ ಹಂಗೇ ಇದೆಯಲ್ಲ!" ಅವರಿಗೆ ನಿಜವಾಗಿಯೂ ಖುಷಿಯಾಗಿತ್ತು. ಆಮೇಲೆ ತಲೆ ಎತ್ತದೆ ಹೇಳಿದರು: "ಹೋದ ಸಲ ಇದು ಇರ್ಲೇ ಇಲ್ಲ. ಈಗ ಬಂದಿರೋದು."

"ಹೋದ ಸಲ ಈ ಲೆನ್ಸಲ್ಲಿ ನೋಡಿದ್ರಾ?"

"ಯಾರೂ ಕಂಪ್ಲೇಂಟ್ ಹೇಳ್ಲಿಲ್ವೇ ತಂಗಚ್ಚಿ."

ಮೇಸ್ತ್ರಿ ಬಂದಾಗ ಇವರೇ ಮುಂದೆ ಹೋಗಿ, ತಮಗೆ ಮೊದಲಿನಿಂದಲೂ ಸಂಶಯವಿತ್ತೆಂದು ತಮಿಳಿನಲ್ಲಿ ವಿವರಿಸತೊಡಗಿದರು. ನಾನು ಜಗಳವಾಡುವವಳಲ್ಲ. ಆದರೂ ನಡುವೆ ಬಾಯಿ ಹಾಕಿ, ನನ್ನ ಮುರುಕು ತಮಿಳಿನಲ್ಲೇ ಹೇಳಿದೆ: ಇವಳಿಗೆ ಮಲೇರಿಯಾ ಇದೆ, ಇವಳು ಸುಳ್ಳು ಹೇಳಿಲ್ಲ, ಹಿಂದಿನ ವರದಿಗಳನ್ನು ನಂಬುವಂತಿಲ್ಲ, ಲೆನ್ಸ್ ಕೊಳಕಾಗಿತ್ತು. ಮೇಸ್ತ್ರಿ ನನ್ನನ್ನೂ ಅವರನ್ನೂ ನೋಡಿದ.

"ಸರಿಂಗ ಮೇಡಂ. ಮಗ್ಗಕ್ಕೆ ಯಾವಾಗ ಬರ್ತಾಳೆ?"

"ಡಾಕ್ಟರು ಹೇಳಿದ ಮೇಲೆ."

ಅವನು ಅವಳನ್ನು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಲು ಬೈಕು ತಿರುಗಿಸಿದ. ನಮ್ಮ ಮಾತಿನಲ್ಲಿ ಅವಳಿಗೆ ಮಲೇರಿಯಾ ಎಂಬ ಒಂದು ಪದ ಮಾತ್ರ ಅರ್ಥವಾಗಿತ್ತು. ಹೊಸ ವರದಿಯ ಹಾಳೆ ಟೆಕ್ನಿಷಿಯನ್ನರ ಕೈಯಲ್ಲಿತ್ತು. ಅದನ್ನು ತೆಗೆದುಕೊಂಡು, ಜ್ವರದ ಕೈಗಳನ್ನು ಜೋಡಿಸಿ ಅವಳು ಅವರಿಗೆ ನಮಸ್ಕರಿಸಿದಳು.

ಅವರು ಬಲಗೈ ಎತ್ತಿ ಆಶೀರ್ವಾದ ಮಾಡಿದರು. ನನಗೆ ನೋಡಲಾಗಲಿಲ್ಲ, ಮುಖ ತಿರುಗಿಸಿದೆ.