ಕೂರಬೇಡ ಎಂದ ಟೀಚರ್

ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಶೂ, ಕರಿಮಣಿ ಇರಬೇಕಾದ ಕುತ್ತಿಗೆಯಲ್ಲಿ ಕಪ್ಪು ದಾರಕ್ಕೆ ಕಟ್ಟಿದ ವಿಸಿಲ್. ನಮ್ಮ ಊರು ಕಾಪುವಿನ ಶಾಲೆಗೆ ಬಂದ ಡ್ರಿಲ್ ಟೀಚರನ್ನು ಮೊದಲ ಸಲ ನೋಡಿದಾಗಲೇ ನನಗೆ ಸಂಶಯ ಬಂತು. ಈಗಲೂ ನಾನು ಸುಲಭಕ್ಕೆ ಯಾರನ್ನೂ ನಂಬುವವಳಲ್ಲ ಬಿಡಿ.

ಎಪ್ಪತ್ತರ ದಶಕದ ಕೊನೆ. ನಾವೆಲ್ಲ ಬೀಡಿ ಕಟ್ಟುವ ಹೆಂಗಸರು. ಎಲೆ, ಹೊಗೆಸೊಪ್ಪಿನ ಗೆರಸೆಯನ್ನು ಮಡಿಲಲ್ಲಿಟ್ಟು ಬೆಳಿಗ್ಗೆ ಕೂತರೆ ಏಳುವುದು ಸಂಜೆಯೇ, ಕಟ್ಟಿದ ಬೀಡಿಯನ್ನು ಕಂಪೆನಿಯ ಬ್ರಾಂಚಿಗೆ ಕೊಡಲಿಕ್ಕೆ. ಆ ವರ್ಷ ನನ್ನ ಮಗು ಜ್ವರದಲ್ಲಿ ತೀರಿಹೋಗಿತ್ತು. ಅನ್ನ ಸೇರುತ್ತಿರಲಿಲ್ಲ, ನಿದ್ದೆ ಬರುತ್ತಿರಲಿಲ್ಲ. ಬ್ರಾಂಚಿನಿಂದ ಬರುವಾಗ ಶಾಲೆಯ ಬಾವಿಯ ಹತ್ತಿರ ನಿಂತು ಒಳಗೆ ನೋಡುವುದು ಅಭ್ಯಾಸವಾಗಿಬಿಟ್ಟಿತ್ತು.

ಒಂದು ಸಂಜೆ ಹಿಂದಿನಿಂದ ವಿಸಿಲ್ ಕೇಳಿತು. "ಬಾವಿಯಲ್ಲಿ ಎಂತ ಉಂಟು ಮಾರಾಯ್ತಿ? ಬಾ, ಲಗೋರಿಗೆ ಒಂದು ಜನ ಕಡಿಮೆ."

ಲಗೋರಿಯಂತೆ! ಮದುವೆಯಾದ ಹೆಂಗಸರಿಗೆ! ಮೈದಾನದಲ್ಲಿ ಆಗಲೇ ಕೆಲವು ಬೀಡಿಯವರು ಸೆರಗು ಸಿಕ್ಕಿಸಿ ಓಡುತ್ತಿದ್ದರು. ಸುದ್ದಿ ತಿಳಿದದ್ದೇ ಅತ್ತೆ ತೀರ್ಪು ಕೊಟ್ಟರು: "ಅವಳು ಮಕ್ಕಳಾಗದ ಆಪರೇಷನಿಗೆ ಜನ ಹಿಡಿಯಲಿಕ್ಕೆ ಬಂದವಳು. ಆಟ ಆಡಿಸಿ ಜೀಪು ಹತ್ತಿಸ್ತಾಳೆ, ನೋಡ್ತಾ ಇರು." ನನಗೂ ಹಾಗೇ ಅನಿಸಿತು. ಗೇಟಿನ ಕಡೆ ಒಂದು ಕಣ್ಣಿಟ್ಟೇ ಆಡಿದೆ. ಜೀಪು ಬರಲಿಲ್ಲ. ಹಸಿವೆ ಬಂತು, ಕೆಲವು ವಾರದಲ್ಲಿ ನಿದ್ದೆಯೂ ಬಂತು.

ಆದರೂ ನಾನು ಸಂಶಯ ಬಿಡಲಿಲ್ಲ. ಪುಕ್ಕಟೆ ಯಾರು ಇಷ್ಟು ಬೆವರು ಸುರಿಸುತ್ತಾರೆ? ಒಂದು ದಿನ ಮುಖಕ್ಕೇ ಕೇಳಿದೆ, "ಇದರಲ್ಲಿ ನಿಮಗೆ ಎಂತ ಲಾಭ ಟೀಚರೇ?"

ಅವರು ಲಗೋರಿ ಕಲ್ಲು ಜೋಡಿಸುತ್ತಲೇ ಹೇಳಿದರು: "ನನ್ನ ತಂಗಿಯೂ ಬೀಡಿ ಕಟ್ಟುತ್ತಿದ್ದಳು. ಬೇಜಾರು ಅಂತ ಮೂಲೆ ಹಿಡಿದು ಕೂತಳು. ಕೂರಲಿ ಪಾಪ ಅಂತ ನಾವೂ ಬಿಟ್ಟೆವು. ಕಡೆಗೆ ಅವಳನ್ನು ಬಾವಿಯಿಂದ ಎತ್ತಿದ್ದು." ಕೊನೆಯ ಕಲ್ಲು ಇಟ್ಟು, "ಬೇಜಾರಾದರೆ ಕೂರಬೇಡ. ಅಂಗಳಕ್ಕಾದರೂ ಒಂದು ಸುತ್ತು ಬಾ" ಅಂದರು.

ಎಂಬತ್ತರ ದಶಕದಲ್ಲಿ ಅವರು ಕಾರ್ಕಳಕ್ಕೆ ವರ್ಗವಾಗಿ ಹೋದರು, ಅಲ್ಲೇ ತೀರಿಕೊಂಡರು. ಸುದ್ದಿ ಸಿಕ್ಕಿದ್ದೇ ಬಸ್ಸು ಹತ್ತಿದೆ. ಮನೆಯೊಳಗೆ ಹೆಂಗಸರೆಲ್ಲ ಚಾಪೆಯ ಮೇಲೆ ಕೂತು ಅಳುತ್ತಿದ್ದರು. ಯಾರೋ ನನಗೂ ಜಾಗ ಮಾಡಿಕೊಟ್ಟರು. ನನ್ನಿಂದ ಆಗಲಿಲ್ಲ. ಅಂಗಳಕ್ಕಿಳಿದು, ಅಳುತ್ತಲೇ ಸುತ್ತು ಬರತೊಡಗಿದೆ.

ಟೀಚರ ಅಣ್ಣ ನನ್ನನ್ನು ಮೇಲಿಂದ ಕೆಳಗೆ ಸಂಶಯದಿಂದ ನೋಡಿದರು. "ನೀವು ಯಾರು? ಎಂತ ಬೇಕಿತ್ತು?"

"ಎಂತ ಬೇಡ. ಟೀಚರ್ ಕೂರಬೇಡ ಅಂದಿದ್ದರು" ಎಂದೆ.

ಅವರು ಅಂಗಳದಲ್ಲಿ ನನ್ನ ದಾರಿಗೆ ಅಡ್ಡವಿದ್ದ ಕುರ್ಚಿಗಳನ್ನು ಒಂದೊಂದಾಗಿ ಬದಿಗೆ ಸರಿಸಿದರು.