ಎಡಗೈ ತಿರುವಿನ ತಟ್ಟಿ

ಕ್ಲೋವಿಸ್ ಬುಟ್ಟಿ ಹೆಣೆಯುವವನು. ಯುದ್ಧಕ್ಕೆ ಮೊದಲು ಅವನೂ ಹೆಂಡತಿ ಫ್ಲಾವಿಯೂ ಒಂದೇ ಬೆಂಚಿನ ಮೇಲೆ ಕೂತು ಹೆಣೆಯುತ್ತಿದ್ದರಂತೆ. ಅವಳು ಎಡಚಿ. ಹಾಗಾಗಿ ಇಬ್ಬರ ಮೊಣಕೈಗಳೂ ದಿನವಿಡೀ ತಾಗುತ್ತಿದ್ದವಂತೆ. ಈ ಮೊಣಕೈ ಕಥೆ ಹೇಳಿ ಹೇಳಿ ಅವನು ನನ್ನ ಕಿವಿ ತೂತು ಮಾಡಿದ್ದ.

ಸಾವಿರದ ಒಂಬೈನೂರ ಹದಿನಾಲ್ಕರ ಆಗಸ್ಟ್‌ನಲ್ಲಿ ಅವನು ಸೈನ್ಯ ಸೇರಲು ರೈಲು ಹತ್ತಿದ, ಅದೇ ತಿಂಗಳು ಜರ್ಮನ್ನರು ಅವನ ಊರಿಗೆ ನುಗ್ಗಿದರು. ಯುದ್ಧ ನೆಲ ಕಚ್ಚಿ ಕೂತಾಗ ಕಾದಾಟದ ಗೆರೆಯ ಈಚೆ ಅವನು, ಆಚೆ ಫ್ಲಾವಿ ಮತ್ತು ಒಂಬತ್ತು ವರ್ಷದ ಮಗಳು ಒಡೀಲ್. ಅವನ ದಳದಲ್ಲೇ ಇದ್ದ ನಾನು ದಕ್ಷಿಣ ಫ್ರಾನ್ಸಿನ ದ್ರಾಕ್ಷಿ ತೋಟದವನು, ನನಗೆ ಮನೆಯಿಂದ ಕಾಗದ, ಸಾಸೇಜು ಎಲ್ಲ ಬರುತ್ತಿತ್ತು. ಅವನಿಗೆ ಒಂದು ಸುದ್ದಿಯೂ ಇಲ್ಲ. ಅವಳು ಬದುಕಿದ್ದಾಳೋ ಇಲ್ಲವೋ ಎಂಬುದೊಂದೇ ಅವನ ಚಿಂತೆ.

ಮೊದಮೊದಲು ನಮ್ಮದೂ ಅವರದೂ ಕಂದಕ ಅಂದರೆ ಚರಂಡಿಯಂಥ ಹಳ್ಳ. ನೆಟ್ಟಗೆ ತೋಡಿದ್ದರಿಂದ ಒಂದೇ ಗುಂಡಿನ ಸುರಿಮಳೆಗೆ ಇಡೀ ಸಾಲು ಮಲಗುತ್ತಿತ್ತು. ಆಮೇಲೆ ಅಂಕುಡೊಂಕಾಗಿ ತೋಡಲು ಕಲಿತೆವು. ಬಟ್ಟೆ ಟೋಪಿಯಲ್ಲಿ ಸಾವಿರಾರು ತಲೆ ಒಡೆದ ಮೇಲೆ ನಮ್ಮ ದೊಡ್ಡವರಿಗೆ ಉಕ್ಕಿನ ಟೋಪಿ ನೆನಪಾಯಿತು! ಅವರದು ನೋಡಿ ನಾವು, ನಮ್ಮದು ನೋಡಿ ಅವರು. ಬೇಲಿಯಾಚೆಯ ಅಡುಗೆಯ ವಾಸನೆ ಹಿಡಿದು ಕಲಿಯುವ ನೆರೆಮನೆಯವರ ಹಾಗೆ ಎರಡೂ ಸೈನ್ಯ ಕೊಲ್ಲುವುದನ್ನು ಕಲಿತವು. ಮಳೆಗೆ ಗೋಡೆ ಕುಸಿಯತೊಡಗಿದಾಗ ವಿಲೋ ಕಡ್ಡಿಯ ತಟ್ಟಿ ಹೆಣೆದು ಒರಗಿಸುವುದು ಶುರುವಾಯಿತು. ಕ್ಲೋವಿಸನ ಕೈಗೆ ಮತ್ತೆ ಕೆಲಸ ಬಂತು.

ಹದಿನಾರರ ಬೇಸಿಗೆಯಲ್ಲಿ ಸೋಮ್ ನದಿಯ ಬಳಿ ಅವರ ಮೊದಲ ಸಾಲು ನಮ್ಮ ಕೈಸೇರಿತು. ಗೆದ್ದ ಕಂದಕವನ್ನು ತಿರುಗಿಸಬೇಕು. ಅವರ ಬೆನ್ನಿದ್ದ ಕಡೆ ನಮ್ಮ ಎದೆ. ಅದಕ್ಕೆ ತಟ್ಟಿಗಳನ್ನೆಲ್ಲ ಕಿತ್ತು ಎದುರು ಗೋಡೆಗೆ ಹಾಕಬೇಕು. ಎಲ್ಲರೂ ಕೀಳುತ್ತಿದ್ದರೆ ಕ್ಲೋವಿಸ್ ಒಂದು ತಟ್ಟಿಯ ಮುಂದೆ ಮೊಣಕಾಲೂರಿ ಕೂತುಬಿಟ್ಟ.

"ಏನಯ್ಯಾ, ಮಾತೆ ಮರಿಯಮ್ಮ ಕಾಣಿಸ್ಕೊಂಡ್ಳಾ ಅಲ್ಲಿ?" ಸಾರ್ಜೆಂಟ್ ಬರ್ತೆಲೊ ಕೂಗಿದ.

"ಸಾರ್ಜೆಂಟ್ರೇ, ಇದು ನನ್ನ ಹೆಂಡ್ತಿ ಹೆಣೆದಿದ್ದು."

"ನಿನ್ನ ತಲೆ! ಬಿಸಿಲಿಗೆ ಮಿದುಳು ಕರಗಿದೆ ಇವನಿಗೆ. ನೀರು ಕುಡಿಸ್ರೋ."

ಕ್ಲೋವಿಸ್ ನನ್ನ ತೋಳು ಹಿಡಿದೆಳೆದು ತೋರಿಸಿದ. ಕಡ್ಡಿಯನ್ನು ಕೊನೆಯ ಗೂಟಕ್ಕೆ ಸುತ್ತುವಾಗ ಮುರಿಯದಿರಲೆಂದು ಒದ್ದೆ ಬಟ್ಟೆಯ ಹಾಗೆ ತಿರುಚಿ ಹಿಂಡುತ್ತಾರೆ. ಊರಲ್ಲಿ ಎಲ್ಲರೂ ಹೊರಕ್ಕೆ ಹಿಂಡಿದರೆ ಫ್ಲಾವಿಯ ಎಡಗೈ ಒಳಕ್ಕೆ ಹಿಂಡುತ್ತಿತ್ತು. ಈ ತಟ್ಟಿಯಲ್ಲಿ ಪ್ರತಿ ತಿರುವೂ ಒಳಕ್ಕೇ ಇತ್ತು. "ಕಡ್ಡಿ ಇನ್ನೂ ಹಸಿ ನೋಡೋ. ಈ ವರ್ಷದ್ದೇ. ಅಂದ್ರೆ ಬದುಕಿದಾಳೆ. ಆ ಕಳ್ಳನನ್ಮಕ್ಳು ದುಡಿಸ್ಕೋತಾ ಇದಾರೆ, ಆದ್ರೆ ಬದುಕಿದಾಳೆ!" ಎಂದು ನನ್ನನ್ನು ತಬ್ಬಿ ಅತ್ತ. ಆ ತಟ್ಟಿಯನ್ನು ಯಾರಿಗೂ ಮುಟ್ಟಗೊಡದೆ ತಾನೇ ಕಿತ್ತು, ತಾನು ಮಲಗುವ ಜಾಗಕ್ಕೆ ಒರಗಿಸಿಕೊಂಡ.

ಅಂದಿನಿಂದ ದಾಳಿಗೆ ಯಾರು ಬರುತ್ತೀರಿ ಎಂದರೆ ಮೊದಲು ಎದ್ದು ನಿಲ್ಲುವವನು ಅವನೇ. ಧೀರನೆಂದು ಪದಕ ತೊಡಿಸಿದರು. ಅವನು ಅಷ್ಟು ಅವಸರದಲ್ಲಿ ನುಗ್ಗುತ್ತಿದ್ದದ್ದು ತಟ್ಟಿ ನೋಡುವುದಕ್ಕೆಂದು ನನಗೊಬ್ಬನಿಗೆ ಗೊತ್ತಿತ್ತು. ಮತ್ತೆ ಎರಡು ಕಡೆ ಆ ಒಳತಿರುವು ಸಿಕ್ಕಿತು. ಸಿಕ್ಕ ದಿನ ತನ್ನ ಪಾಲಿನ ವೈನನ್ನು ನನಗೇ ಸುರಿದುಬಿಡುತ್ತಿದ್ದ.

ಮರುವರ್ಷ ಜರ್ಮನ್ನರು ಹಿಂದೆ ಸರಿದು ಕಾಂಕ್ರೀಟಿನ ಗೂಡುಗಳಲ್ಲಿ ಅಡಗಿದರು. ಒಂದು ಗೂಡು ಗೆದ್ದ ದಿನ ಕ್ಲೋವಿಸ್ ಅದರ ಗೋಡೆ ಸವರುತ್ತಾ ನಿಂತ. "ಇದ್ರಲ್ಲಿ ಏನು ಓದ್ಲಿ ಮಾರಾಯ?" ಎಂದ. ಆಮೇಲೆ ಟ್ಯಾಂಕುಗಳು ಬಂದವು, ಕಂದಕಗಳನ್ನು ಬಿಟ್ಟು ಬಯಲಲ್ಲಿ ಓಡುವ ಯುದ್ಧ ಬಂತು. ಅವನು ಮಾತ್ರ ಸಂಜೆಯಾದರೆ ಮೊಣಕೈ ಮಡಚಿ, ಪಕ್ಕದಲ್ಲಿ ಯಾರಿಗೋ ಜಾಗ ಬಿಟ್ಟು ಕೂರುತ್ತಿದ್ದ. ನನಗೆ ನೋಡಲಾಗುತ್ತಿರಲಿಲ್ಲ.

ಯುದ್ಧ ನಿಂತ ವಾರವೇ ರಜೆ ಪಡೆದು ಅವನೊಂದಿಗೆ ನಾನೂ ಅವನ ಊರಿಗೆ ಹೋದೆ. ಅಂಗಳದಲ್ಲಿ ಎತ್ತರದ ಹುಡುಗಿಯೊಬ್ಬಳು ಕಡ್ಡಿ ಸುಲಿಯುತ್ತಿದ್ದಳು. ಕ್ಲೋವಿಸನ ಗಡ್ಡ ನೋಡಿ ಅವಳಿಗೆ ಗುರುತು ಹತ್ತಲಿಲ್ಲ, ದನಿ ಕೇಳಿ ಓಡಿಬಂದು ತಬ್ಬಿದಳು.

"ಅಮ್ಮ ಎಲ್ಲಿ?"

"ಅಪ್ಪಾ... ಅಮ್ಮ ಮೊದಲನೇ ಚಳಿಗಾಲದಲ್ಲೇ ಹೋಗ್ಬಿಟ್ಳು. ಎದೆಗೆ ಶೀತ ಹಿಡೀತು."

"ಸುಳ್ಳು. ಹದಿನಾರರಲ್ಲಿ ಅವಳ ತಟ್ಟಿ ನೋಡಿದೀನಿ ನಾನು. ನನ್ನ ಕಣ್ಣಾರೆ."

"ಮನೆಗೊಬ್ರು ಹೆಣೀಬೇಕು ಅಂತ ಹುಕುಂ ಆಯ್ತಪ್ಪಾ. ಮನೇಲಿ ಇದ್ದಿದ್ದು ನಾನೊಬ್ಳೇ. ಅಮ್ಮ ಹೆಂಗೆ ಹಿಂಡ್ತಿದ್ಳೋ ಹಂಗೇ ನಂಗೂ ಬರೋದು."

ಕ್ಲೋವಿಸ್ ಮಗಳ ಎರಡೂ ಅಂಗೈಗಳನ್ನು ತೆರೆದು ನೋಡಿದ. ಬೆರಳ ತುದಿಯೆಲ್ಲ ಮುದುಕಿಯ ಕೈಯಂತೆ ಒರಟಾಗಿತ್ತು. ಸೋಮ್ ಬಳಿಯ ಆ ಕಂದಕದಲ್ಲಿದ್ದಷ್ಟು ರಾತ್ರಿಯೂ ಅವನು ಆ ತಟ್ಟಿಗೆ ಮುಖ ಒತ್ತಿ ಮಲಗಿ ಫ್ಲಾವಿಯ ಹೆಸರು ಕರೆದಿದ್ದ. ಮಗಳ ಹೆಸರನ್ನು ಒಮ್ಮೆಯೂ ಕರೆದದ್ದು ನಾನು ಕೇಳಿರಲಿಲ್ಲ.

"ನಿಂಗಾಗ ಹನ್ನೊಂದು ವರ್ಷ," ಎಂದ.